ಕಾಲು ಇಳಿಬಿಡಲು ಜಾಗ

ಅಪ್ಪಾ,

ನೀನು ತೀರಿಕೊಂಡು ಮೂರು ವರ್ಷವಾಯಿತು. ಆದರೂ ಇದನ್ನು ಹೇಳಬೇಕಾದದ್ದು ನಿನಗೇ.

ರಬಕವಿಯ ನೇಕಾರರಿಗೆಂದು ನಾನು ನಕ್ಷೆ ಹಾಕಿದ ಮನೆಗಳ ಬೀಗದ ಕೈಯನ್ನು ಇವತ್ತು ಕೊಟ್ಟೆವು. ಕಡಿಮೆ ಖರ್ಚಿನಲ್ಲಿ ಮುಗಿಯಲೆಂದು ಆಳದ ತಳಪಾಯ ಬಿಟ್ಟು, ಇಡೀ ಮನೆಯನ್ನು ಒಂದೇ ಕಾಂಕ್ರೀಟ್ ಹಾಸಿನ ಮೇಲೆ ನಿಲ್ಲಿಸಿದ್ದೆ. ಅದನ್ನೇ ಹೆಮ್ಮೆಯಿಂದ ವಿವರಿಸುತ್ತಿದ್ದಾಗ, ಇನ್ನೂ ಕೈಮಗ್ಗ ನೇಯುವ ಕಾಶಪ್ಪನವರು ನಡುಮನೆಯಲ್ಲಿ ಕುಳಿತು ಕಾಲು ಚಾಚಿದರು.

“ಮಗ್ಗದ ಕುಣಿ ಎಲ್ಲಿ ತೋಡೂಣ್ರಿ, ಬಾಯಾರ? ಕಾಲ ಇಳಿಬಿಡಾಕ ಜಾಗಾ ಬೇಕಲ್ರಿ.”

ಗುಂಡಿ ತೋಡಿದರೆ ಹಾಸು ಒಡೆದು ಗೋಡೆ ಬಿರುಕು ಬಿಡುತ್ತದೆ ಎಂದೆ. ಅವರು ಅಂಗೈಯಿಂದ ನೆಲ ಸವರಿದರು.

“ಇರ್ಲಿ ಬಿಡ್ರಿ. ನೆಲಾ ಛಲೋ ಆಗೈತಿ.”

ಆಗಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ನಕ್ಷೆ ಬಿಚ್ಚುತ್ತೇನೆ, ಮಡಚುತ್ತೇನೆ, ಅಂಗಳಕ್ಕೆ ಹೋಗಿ ಬಂದು ಮತ್ತೆ ಬಿಚ್ಚುತ್ತೇನೆ. ನಿನ್ನ ಮಗ್ಗದ ಕುಣಿಯ ಅಂಚಿನಲ್ಲಿ ಕೂತು ಅಕ್ಷರ ಕಲಿತವಳು ನಾನು.

ನಿನ್ನ ಮೊಣಕಾಲು ನೋವಿಗೆಂದು ನಾನು ಮಗ್ಗ ತೆಗೆಸಿ, ಕುಣಿ ಮುಚ್ಚಿಸಿ, ಟೈಲ್ಸ್ ಹಾಕಿಸಿದ ದಿನ ನೀನೂ ‘ನೆಲಾ ಛಲೋ ಆಗೈತಿ’ ಎಂದೇ ಹೇಳಿದ್ದೆ. ಆಮೇಲೆ ದಿನಾ ನೀನು ಅದೇ ಜಾಗದಲ್ಲಿ ಕಾಲು ಚಾಚಿ ಕೂತಿರುತ್ತಿದ್ದೆ.

ಟೈಲ್ಸಿನ ತಂಪಿಗೆ ಕೂತಿದ್ದೀ ಅಂತ ನಾನು ಅಂದುಕೊಂಡಿದ್ದೆ.