ಪಡಸಾಲ್ಯಾಗಿನ ಕಾಟಾ

ಏನ್ರೀ,

ಜಳಕಾ ಮಾಡಿ, ಶಿವಲೀಲಾನ ಎರಡು ನೈಟಿ ತಗೊಂಡು ಹತ್ತರ ಬಸ್ಸಿಗೆ ಮತ್ತ ಹುಬ್ಬಳ್ಳಿ ದವಾಖಾನಿಗೆ ಹೊಂಟೇನಿ. ತೂಕ ಇಳಸೂ ಆಪರೇಷನ್ ಆಗಿ ಇವತ್ತಿಗೆ ಮೂರು ದಿನ. ಮಗಳು ಆರಾಮ ಅದಾಳ. ಔಷಧದ ಬಾಟ್ಲಿ ಮುಚ್ಚಳದಾಗ ನೀರು ಕುಡೀತಾಳ, ಒಂದು ಮುಚ್ಚಳಕ್ಕ ಕಾಲು ತಾಸು ಬೇಕು. ಹಳಿಯಾಳದಾಗ ಯಾರು ಕೇಳಿದ್ರೂ ಆರಾಮ ಅದಾಳ ಅಂತ ಅಷ್ಟ ಹೇಳ್ರಿ. ಎಷ್ಟು ಕಿಲೋ ಇಳೀತು ಅಂತ ನನಗ ಫೋನ್ ಮಾಡಿ ಕೇಳಬ್ಯಾಡ್ರಿ.

ರೊಟ್ಟಿ ಬುಟ್ಟ್ಯಾಗ ಅದಾವು. ಸಾರು ಬಿಸಿ ಮಾಡ್ಕೋರಿ. ನಿಮ್ಮ ಅಕ್ಕಾರು ಹೋಳಿಗಿ ಮಾಡಿ ದವಾಖಾನಿಗೆ ತರ್ತೇನಿ ಅಂದ್ರ ಬ್ಯಾಡ ಅನ್ರಿ. ಅದನ್ನಾದ್ರೂ ಗಟ್ಟಿ ದನಿಲೆ ಅನ್ರಿ.

ಸೋಮವಾರ ಮನಿಗೆ ಕಳಸ್ತಾರ. ಅಷ್ಟರಾಗ ಪಡಸಾಲ್ಯಾಗಿನ ಗೋವಿನಜೋಳ ತೂಗೂ ಕಾಟಾ ಗೋದಾಮಿಗೆ ಸಾಗಿಸ್ರಿ. ಹಮಾಲ ಮುದಕಪ್ಪ ಒಬ್ಬನ ಕಡೆ ಆಗೂದಿಲ್ಲ, ನೀವೂ ಕೈ ಹಚ್ರಿ. ಸಾಲಿಗೆ ಹೋಗೂವಾಗಿಂದ ಅಕಿನ್ನ ಅದರ ಮ್ಯಾಲ ನಿಲ್ಲಿಸಿ, ಚೀಲದ ತೂಕ ಕೂಗಿದಂಗ ಅಕಿ ತೂಕಾನೂ ಓಣಿಗೆಲ್ಲ ಕೇಳೂಹಂಗ ಕೂಗತಿದ್ರಿ. ಹಮಾಲರು ನಗತಿದ್ರು. ಚೇಷ್ಟಿ ಅಂತಿದ್ರಿ. ನಾನೂ ಒಳಗ ರೊಟ್ಟಿ ಬಡಕೋತ ಸುಮ್ನ ಕುಂತಿರತಿದ್ದೆ.

ನಿನ್ನೆ ನರ್ಸಬಾಯಿ ಅಕಿನ್ನ ತೂಕದ ಮಷಿನ್ ಮ್ಯಾಲ ನಿಲ್ಲಿಸಿದ್ಲು. ಹೊಟ್ಟಿ ಹೊಲಿಗಿ ಜಗ್ಗತಿದ್ರೂ ಮಗಳು ಎರಡೂ ಕೈ ಎತ್ತಿ ಕಿವಿ ಮುಚ್ಚಿಕೊಂಡ್ಲು. ನರ್ಸಬಾಯಿ ತೂಕ ಹಾಳ್ಯಾಗ ಬರಕೊಂಡು ಹೋದ್ಲು. ಮಷಿನ್ ಇಳದ ಮ್ಯಾಲೂ ಅಕಿ ಕಿವಿ ಮ್ಯಾಲಿನ ಕೈ ತಗೀಲಿಲ್ಲ.