ಒಂಬತ್ತನೆಯ ದನಿ

ಕಣಿವೆಮನೆಯ ಉಗ್ರಾಣ,
ಹಿಮ ಬಿದ್ದ ಹನ್ನೊಂದನೆಯ ದಿನ

ಮುದ್ದು ಮಗಳೇ,

ನೀವಿಬ್ಬರೂ ಸೌಖ್ಯವೆಂದು ನಂಬಿಕೊಂಡೇ ಶುರು ಮಾಡಿದ್ದೇನೆ. ಕಾಗದ ತಡವಾಯಿತು, ಬೈಯಬೇಡ. ಮೊದಲು ಆದ ಖರ್ಚು ಹೇಳಿಬಿಡುತ್ತೇನೆ: ಹೊರಗೇ ಉಳಿದ ಒಂದು ಹೇಸರಗತ್ತೆ, ಮುರಿದ ಒಂದು ಚಿಲಕ, ನಿನ್ನಪ್ಪನ ಮೂರು ದಿನದ ನಿದ್ದೆ.

ನಮ್ಮ ದೊರೆಯ ಮನೆತನ ಏಳು ತಲೆಯಿಂದ ಈ ಕಣಿವೆ ಕಾಯುತ್ತಿರುವುದು ಕತ್ತಿಯಿಂದಲ್ಲ, ಹಗ್ಗದಿಂದ. ಮಂಜು ಇಳಿದರೆ ಕೆಳಗಿನ ಚೌಕಿಯವರು ಹಗ್ಗಕ್ಕೆ ದಾರಿಹೋಕರ ತಲೆಗೊಂದು ಗಂಟು ಹಾಕಿ, ಗಂಟಿಗೊಬ್ಬರನ್ನು ಹಿಡಿಸಿ, ಅಷ್ಟು ಸಲ ಕಹಳೆ ಊದಿ ಕಳಿಸುತ್ತಾರೆ. ಕಣಿವೆಮನೆಯ ಬಾಗಿಲಿಗೆ ಬಂದವರು ಒಬ್ಬೊಬ್ಬರಾಗಿ ಕೂಗಬೇಕು. ದನಿ ಒಂದು ಹೆಚ್ಚಾದರೆ ಅದು ಮನುಷ್ಯನದಲ್ಲ. ಮಂಜಿನೊಳಗಿರುವುದು ಒಮ್ಮೆ ಕೇಳಿದ ದನಿಯನ್ನು ಮರೆಯುವುದಿಲ್ಲ, ಅದೇ ದನಿಯಲ್ಲಿ ಕೂಗುತ್ತದಲ್ಲ. ಕತ್ತೆ ಹೊಡೆಯುತ್ತಿದ್ದ ನನ್ನ ಕೈಗೆ ಈ ಬಾಗಿಲು ಕೊಟ್ಟದ್ದೂ ನನ್ನ ಎಣಿಕೆ ತಪ್ಪುವುದಿಲ್ಲ ಅಂತಲೇ.

ಮೊನ್ನೆ ಮಧ್ಯಾಹ್ನ ಕಹಳೆ ಎಂಟು. ದನಿ ಒಂಬತ್ತು.

ದೊರೆಯ ಮುಖ ಸುಣ್ಣವಾಯಿತು. "ಸರಿಯಾಗಿ ಎಣಿಸಿದೆಯೇನಪ್ಪ?" ಅಂದರು.

"ಎಂಟೇ ಒಡೆಯಾ. ಕಹಳೆ ಏನು ಮರಿ ಹಾಕುತ್ತಾ?"

ದೊರೆಸಾನಿ ನಗಲಿಲ್ಲ. "ಯಾರೋ ಪಾಪ, ಚಳಿಗೆ ಸಾಯ್ತಾರೆ. ತೆಗೀರಿ."

"ತೆಗೆದ್ರೆ ಒಳಗಿರೋರೆಲ್ಲ ಸಾಯ್ತೀವಮ್ಮ." ಅಂದವನು ನಾನೇ.

ಕಿರುಬಾಗಿಲು ಚೂರೇ ಸರಿಸಿ, ಗಂಟು ಹಿಡಿದ ಕೈಗಳನ್ನಷ್ಟೇ ಒಳಗೆಳೆದುಕೊಂಡೆ. ಎಂಟನೆಯವಳು ಬಂದದ್ದೇ, ಅವರ ಹೇಸರಗತ್ತೆಯನ್ನು ಹೊರಗೇ ಬಿಟ್ಟು ಅಗುಳಿ ಜಡಿದೆ. ಹೊರಗಿನ ಬಡಿತಕ್ಕೆ ಚಿಲಕ ಮುರಿದುಬಂತು. ಬೆನ್ನು ಕೊಟ್ಟು ನಿಂತೆ. ಬಡಿತ ಹೋಗಿ ಕೆರೆತವಾಯಿತು. ಆಮೇಲೆ ಅದೂ ಇಲ್ಲ. ಮರುದಿನ ನೋಡಿದರೆ ಮೊಣಕಾಲುದ್ದ ಹಿಮ, ಒಂದು ಹೆಜ್ಜೆಗುರುತೂ ಇಲ್ಲ.

ದೊರೆ ಬೆನ್ನು ತಟ್ಟಿ ತಮ್ಮ ಕಂಬಳಿಯನ್ನೇ ಹೊದಿಸಿದರು. ಅದನ್ನು ಹೊದ್ದೇ ಇದನ್ನು ಬರೆಯುತ್ತಿದ್ದೇನೆ.

ನಿನ್ನ ಒಲೆ ಆರದಿರಲಿ, ನಿನ್ನ ಮನೆ ತುಂಬಿರಲಿ.

ನಿನ್ನ ಅಪ್ಪ

ಮರೆತ ಮಾತು: ಅಳಿಯಂದಿರು ಮನೆಯಲ್ಲಿದ್ದಾರಾ? ಸಾಲಿನಲ್ಲಿ ನಿಂತು ಗಂಟು ಹಿಡಿಯುವ ತಾಳ್ಮೆ ಅವರಿಗಿಲ್ಲ. ಮದುವೆಗೆ ಬಂದಾಗಲೂ ಚೌಕಿ ತಪ್ಪಿಸಿ, ಕಣಿವೆಯುದ್ದಕ್ಕೂ ಹಾಡಿಕೊಂಡು ಬಂದವರು. ಆವತ್ತು ಅವರ ದನಿಯನ್ನು ಮಂಜೂ ಕೇಳಿರಬಹುದು. ಹಾಗಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಯಾಕೆಂದರೆ ಒಂಬತ್ತನೆಯ ದನಿ "ಮಾವ, ನಾನು" ಅಂದಿತು. ಅದನ್ನು ಇಲ್ಲಿ ಯಾರಿಗೂ ಹೇಳಿಲ್ಲ. ಈ ಕಾಗದ ತಂದವನ ಕೈಯಲ್ಲೇ ಒಂದು ಸಾಲು ಬರೆದು ಕಳಿಸು.

ದೊರೆಗೆ ಕಣಿವೆ ಉಳಿಯಿತು. ಎಂಟು ಜನಕ್ಕೆ ಜೀವ. ನನಗೆ ಕಂಬಳಿ. ನಿನಗೇನು ಉಳಿಯಿತು ಅನ್ನುವುದನ್ನು ನೀನೇ ಬರೆಯಬೇಕು.