ಅಳಿಲು ಮಾರ್ಕ್ ಬರೆದುಕೊಟ್ಟ ದಿನ

ಗುಬ್ಬಿ, ೧೨ ಮಾರ್ಚ್ ೧೯೮೪

ಸುಬ್ಬಕೃಷ್ಣ,

ನಾವಿಬ್ಬರೂ ಶುರು ಮಾಡಿದ ಅಳಿಲು ಮಾರ್ಕ್ ಹಲ್ಲುಪುಡಿಯ ಟ್ರೇಡ್‌ಮಾರ್ಕನ್ನು ಇವತ್ತು ಬೆಂಗಳೂರಿನ ಕಂಪನಿಯೊಂದಕ್ಕೆ ಬರೆದುಕೊಟ್ಟೆ. ತುಮಕೂರಿನ ವಕೀಲರ ಆಫೀಸಿನಲ್ಲಿ ಕಂಪನಿಯವರು ಎದುರಿಗೇ ಕೂತಿದ್ದರು. ರುಜುವಿಗೆ ಮುಂಚೆ ವಕೀಲರು ಕೇಳಿದರು: "ರೇವಣಸಿದ್ದಯ್ಯನೋರೇ, ಈ ಅಳಿಲಿನ ಚಿತ್ರ ಬರೆದೋರು ಯಾರು? ನಾಳೆ ಯಾರಾದ್ರೂ ನಂದು ಅಂತ ಬಂದ್ರೆ ಕಷ್ಟ."

"ನಾನೇ ಬರ್ದಿದ್ದು," ಅಂದೆ.

ಸಾಕ್ಷಿ ಹಾಕಲು ಬಂದಿದ್ದ ನನ್ನ ಹೆಂಡತಿ ದಾಕ್ಷಾಯಣಿ ಪೆನ್ನು ಕೆಳಗಿಟ್ಟಳು. "ಸುಬ್ಬಕೃಷ್ಣಣ್ಣ ಅಲ್ವೇನ್ರೀ? ಬಾಲ ಸರಿ ಬರ್ಲಿಲ್ಲ ಅಂತ ಮೂರು ಸಲ ಹರ್ದಾಕಿದ್ರು."

ವಕೀಲರು ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಅವರೆಲ್ಲಿದಾರೆ? ಅವರ ರುಜೂನೂ ಬೇಕಲ್ಲ," ಅಂದರು ವಕೀಲರು.

"ಜಗಳ ಆಡ್ಕೊಂಡು ಊರು ಬಿಟ್ಟು ಎಂಟು ವರ್ಷ ಆಯ್ತು. ಎಲ್ಲಿದಾನೋ ಗೊತ್ತಿಲ್ಲ ಸಾರ್."

"ಹಾಗಂತ ಬರ್ಕೊಡಿ."

ಬರೆದುಕೊಟ್ಟೆ. ದಾಕ್ಷಾಯಣಿ ಸಾಕ್ಷಿ ಹಾಕಲಿಲ್ಲ, ಗುಮಾಸ್ತರು ಹಾಕಿದರು. ಗುಬ್ಬಿ ತಲುಪುವವರೆಗೂ ಅವಳು ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಈಗ ಕವರಿನ ಮೇಲೆ ನಿನ್ನ ವಿಳಾಸ ಬರೆದಿದ್ದೇನೆ: ಕೌಸಲ್ಯಮ್ಮನವರ ಮನೆ, ಕೋಟೆ ಬೀದಿ, ಕುಣಿಗಲ್. ಯಾರನ್ನೂ ಕೇಳಬೇಕಾಗಲಿಲ್ಲ. ಇದನ್ನು ಅಂಚೆಗೆ ಹಾಕಿದರೆ, ನೀನೆಲ್ಲಿದ್ದೀಯೋ ಗೊತ್ತಿಲ್ಲವೆಂದು ಬೆಳಿಗ್ಗೆ ಬರೆದುಕೊಟ್ಟಿದ್ದು ಸುಳ್ಳೆಂದು ನಾನೇ ರುಜು ಹಾಕಿದ ಹಾಗಾಗುತ್ತದೆ.

ರೇವಣ